ಗಿರಣಿಯ ಮೇಲಿನ ಕ್ಲಾಸು: ಹುಡುಗಿಯರ ಆತ್ಮರಕ್ಷಣೆ ತರಬೇತಿಗೆ ಎಂಟು ವಾರ ಹೋಗಿಬಂದ ಮೇಲೆ

ಧಾರವಾಡದಲ್ಲಿ ಹುಡುಗಿಯರಿಗೆಂದೇ ನಡೆಯುವ ಆತ್ಮರಕ್ಷಣೆ ಕ್ಲಾಸೊಂದಕ್ಕೆ ಎಂಟು ವಾರ ಹೋಗಿಬಂದೆ. ಶನಿವಾರ, ರವಿವಾರ ಬೆಳಿಗ್ಗೆ ಆರೂವರೆಯಿಂದ ಎಂಟರ ತನಕ, ಒಟ್ಟು 16 ಕ್ಲಾಸು, ಫೀ 1,200 ರೂಪಾಯಿ. ಎರಡು ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ, ಕಾಲೇಜಿನ ಮೂರ್ನಾಲ್ಕು ಹುಡುಗಿಯರು ಹಾಗೇ ಕೊಟ್ಟರು. ಕ್ಲಾಸಿನ ಹೆಸರು, ಓಣಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಹಿಂದೆ ಯಾರೋ ವಿಳಾಸ ಹಾಕಿದ ಮೇಲೆ ಕ್ಲಾಸು ಬಿಡುವ ಹೊತ್ತಿಗೆ ಸರಿಯಾಗಿ ಬೈಕಿನವರು ಕೆಳಗೆ ಬಂದು ನಿಲ್ಲತೊಡಗಿದರಂತೆ. ಅದಕ್ಕೆ ಬರೆಯಬೇಡ ಅಂತ ಕಲಿಸುವ ಅಕ್ಕೋರೇ ಹೇಳಿದ್ದಾರೆ. ಆದರೂ ಈ ವಿಮರ್ಶೆ ಬರೆಯುತ್ತಿರುವುದು ಯಾಕೆಂದರೆ, ಇಂಥ ಕ್ಲಾಸುಗಳು ಈಗ ಎಲ್ಲ ಊರಲ್ಲೂ ಆಗುತ್ತಿವೆ. ದುಡ್ಡು ಕೊಡುವ ಮೊದಲು ಏನು ಕೇಳಬೇಕು, ಏನು ನೋಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ನಾನು ಹುಬ್ಬಳ್ಳಿಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ವಯಸ್ಸು ಇಪ್ಪತ್ಮೂರು. ಮಧ್ಯಾಹ್ನದ ಪಾಳಿ ಇದ್ದರೆ ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಯುತ್ತದೆ. ಅಲ್ಲಿಂದ ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ಸ್ಟಾಪಿನಿಂದ ಮನೆಗೆ ಹತ್ತು ನಿಮಿಷ ನಡೆಯಬೇಕು. 2024ರ ದೀಪಾವಳಿ ಆದ ಮೇಲೆ ಆ ಹತ್ತು ನಿಮಿಷದ ದಾರಿಯಲ್ಲಿ ಒಬ್ಬ ಬೈಕಿನಲ್ಲಿ ಹಿಂದೆ ಬರತೊಡಗಿದ. ಹನ್ನೊಂದು ದಿನ ಹಿಂದೆ ಬಂದ, ಅಷ್ಟೇ. ಹನ್ನೆರಡನೆಯ ದಿನ ಬೈಕು ಅಡ್ಡ ನಿಲ್ಲಿಸಿ ನನ್ನ ಮುಂಗೈ ಹಿಡಿದ. ಒದರಬೇಕು ಅಂತ ಬಾಯಿ ತೆರೆದೆ. ಗಾಳಿ ಮಾತ್ರ ಬಂತು, ದನಿ ಬರಲಿಲ್ಲ. ಎದುರು ಮನೆಯ ಬಾಗಿಲ ಚಿಲಕ ಸರಿದ ಸದ್ದಿಗೆ ಅವನೇ ಕೈ ಬಿಟ್ಟು ಹೋದ. ದಿನಕ್ಕೆ ನಲವತ್ತು ಐವತ್ತು ಮಂದಿಯ ಕೈ ಹಿಡಿದು ನರ ಹುಡುಕುವವಳು ನಾನು. ಕೈ ಅಂದರೆ ಏನು, ಎಲ್ಲಿ ಎಲುಬು, ಎಲ್ಲಿ ನರ ಅಂತ ಬಲ್ಲವಳು. ಆ ರಾತ್ರಿ ನನ್ನ ಕೈಯೇ ನನ್ನದಲ್ಲ ಅನ್ನುವ ಹಾಗೆ ಮರಗಟ್ಟಿತ್ತು.

ನಾಲ್ಕು ದಿನ ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಕೆಲಸ ಬಿಡಿಸುತ್ತಾರೆ ಅನ್ನುವ ಹೆದರಿಕೆ. ಅದೇ ವರ್ಷ ಏಪ್ರಿಲ್‌ನಲ್ಲಿ, ಮೇನಲ್ಲಿ ಹುಬ್ಬಳ್ಳಿಯಲ್ಲಿ ತಿಂಗಳೊಳಗೆ ಇಬ್ಬರು ಹುಡುಗಿಯರ ಕೊಲೆಯಾಗಿತ್ತು, ಒಬ್ಬಳದು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳದು ಮನೆಯೊಳಗೇ. ಎರಡರಲ್ಲೂ ಆರೋಪಿ ಹುಡುಗಿಗೆ ಗೊತ್ತಿದ್ದವನೇ. ಆ ಬೇಸಿಗೆಯ ನಂತರ ನಮ್ಮ ಅವಳಿ ನಗರದಲ್ಲಿ ಹುಡುಗಿ ಇರುವ ಯಾವ ಮನೆಯೂ ಮೊದಲಿನ ಹಾಗಿಲ್ಲ. ಕೊನೆಗೆ ಅವ್ವಗೆ ಹೇಳಿದಾಗ ಆಕೆ ಕೆಲಸ ಬಿಡು ಅನ್ನಲಿಲ್ಲ. ಅಳಲೂ ಇಲ್ಲ. ಎರಡು ವಾರ ಸ್ಟಾಪಿಗೆ ಬಂದು ನನ್ನ ಜೊತೆ ನಡೆದಳು. ಆಮೇಲೆ ಈ ಕ್ಲಾಸನ್ನು ಆಕೆಯೇ ಹುಡುಕಿದಳು.

ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕ್ಲಾಸು ನಡೆಯುವ ಹಾಲ್. ಹತ್ತಲು ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಶನಿವಾರ ಏಳಕ್ಕೆ ಗಿರಣಿ ಶುರುವಾದರೆ ಕಾಲ ಕೆಳಗಿನ ನೆಲ ಸಣ್ಣಗೆ ನಡುಗುತ್ತದೆ, ಬಿಸಿ ಜೋಳದ ಹಿಟ್ಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ರವಿವಾರ ಗಿರಣಿಗೆ ರಜೆ. ನಮ್ಮ ಬ್ಯಾಚಿನಲ್ಲಿ ಇಪ್ಪತ್ತೆರಡು ಮಂದಿ. ಪಿಯುಸಿ ಹುಡುಗಿಯರೇ ಹೆಚ್ಚು, ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳು, ಮತ್ತೆ ಮೂವತ್ತೊಂದು ವರ್ಷದ, ಒಂದು ಮಗುವಿನ ತಾಯಿ. ಅಕ್ಕೋರು ಬೆಳಗಾವಿಯಲ್ಲಿ ಜೂಡೋ ಆಡಿ ಬೆಳೆದವರು. ವಯಸ್ಸು ನಲವತ್ತರ ಮೇಲೆ, ಗಿಡ್ಡ ಆಳು, ಎಡಮೊಣಕಾಲಿಗೆ ಪಟ್ಟಿ. ಅವರು ಕೂತು ಏಳುವುದನ್ನು ನೋಡಿದರೇ ಗೊತ್ತಾಗುತ್ತಿತ್ತು, ಈ ಮೈ ಸಾವಿರ ಸಲ ಬಿದ್ದೆದ್ದಿದೆ ಅಂತ.

ಮೊದಲ ದಿನ ಗುದ್ದು, ಒದೆ ಏನೂ ಇಲ್ಲ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದರು.

"ಆಕಿ ನಿನ್ನ ಕಡೆ ಬರತಾಳ. ಇನ್ನ ಹತ್ರ ಬರೂದು ಬ್ಯಾಡ ಅನ್ನಿಸಿದ ಕೂಡ್ಲೆ ಎರಡೂ ಕೈ ಮುಂದ ಮಾಡಿ ಒದರು. ಏನ್ ಒದರಬೇಕಂತ ನಾ ಹೇಳೂದಿಲ್ಲ."

ಇಪ್ಪತ್ತೆರಡು ಮಂದಿಯಲ್ಲಿ ಮೊದಲ ಸಲ ಗಟ್ಟಿಯಾಗಿ ಒದರಿದವರು ಇಬ್ಬರೇ. ಕೆಲವರು ನಕ್ಕರು, ಕೆಲವರು ಹಿಂದೆ ಸರಿದರು. ಒಬ್ಬಳು ಎದುರಿನವಳಿಗೆ "ಸಾರಿ" ಅಂದಳು. ನನ್ನ ಸರದಿ ಬಂದಾಗ ಅಕ್ಕೋರೇ ಬಂದು ನನ್ನ ಮುಂಗೈ ಹಿಡಿದರು. ನಾನು "ಬಿಡ್ರೀ" ಅಂದೆ.

"ಕೈ ಹಿಡದಾಂವಗ ಯಾಕವಾ ರಿ?"

ಅವರು ಬೈದು ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. ನನ್ನ ಬಳಿ ಉತ್ತರ ಇರಲಿಲ್ಲ. "ರಿ ಹಚ್ಚಿದ ಕೂಡ್ಲೆ ದನಿ ಇಳಿತೈತಿ, ನೀನಽ ಅಂದು ನೋಡು" ಅಂದರು. ಅಂದು ನೋಡಿದೆ. ಬಿಡ್ರಿ. ಬಿಡು. ನೀವೂ ಒಮ್ಮೆ ಬಾಯಿಬಿಟ್ಟು ಅಂದು ನೋಡಿ. ಮೊದಲನೆಯದರಲ್ಲಿ ತಲೆ ತುಸು ಬಾಗುತ್ತದೆ, ಮಾತಿನ ತುದಿಗೆ ಒಂದು ವಿನಂತಿ ಅಂಟಿಕೊಂಡು ಬರುತ್ತದೆ. ಧಾರವಾಡದ ಕಡೆ ಹುಟ್ಟಿದವರಿಗೆ ರಿ ಅನ್ನುವುದು ಉಸಿರಿನ ಹಾಗೆ. ಹಾಲಿನವನಿಗೂ ರಿ, ಆಟೋದವನಿಗೂ ರಿ. ಆ ರಾತ್ರಿ ನನಗೆ ದನಿ ಬಂದಿದ್ದರೂ ನಾನು ಬಹುಶಃ ರಿ ಹಚ್ಚಿಯೇ ಬೇಡಿಕೊಳ್ಳುತ್ತಿದ್ದೆ.

ಆವತ್ತು ಶನಿವಾರ. ಕೆಳಗೆ ಗಿರಣಿ ಓಡುತ್ತಿತ್ತು, ಆ ಸದ್ದಿನ ಆಸರೆಯಲ್ಲಿ ನಾವೆಲ್ಲ ನಿಧಾನಕ್ಕೆ ದನಿ ಏರಿಸಿದೆವು. ಮರುದಿನ ರವಿವಾರ ಅದನ್ನೇ ಮಾಡಿಸಿದಾಗ ಗಿರಣಿ ಬಂದ್ ಆಗಿತ್ತು. ಇಪ್ಪತ್ತೆರಡು ದನಿ ಒಟ್ಟಿಗೆ "ದೂರ ಸರಿ!" ಅಂದಿದ್ದು ಓಣಿಗೆಲ್ಲ ಕೇಳಿತು. ಎದುರಿನ ಮನೆಯ ಅಜ್ಜಿ ಹೊರಗೆ ಬಂದು ಕಟ್ಟೆಯ ಮೇಲೆ ನಿಂತರು. ನಾವು ಸುಮ್ಮನಾದೆವು. ಅಕ್ಕೋರು ಕಿಟಕಿಯ ಎರಡೂ ಬಾಗಿಲು ಇನ್ನಷ್ಟು ತೆರೆದಿಟ್ಟು, "ಮತ್ತೊಮ್ಮೆ" ಅಂದರು.

ಈ ಕ್ಲಾಸಿನ ನಿಜವಾದ ಪಾಠ ಇದೇ ಅಂತ ನನಗೆ ಅನ್ನಿಸಿದ್ದು ಅಲ್ಲಿ. ಹೊಡೆತ, ಬಿಡಿಸಿಕೊಳ್ಳುವ ಪಟ್ಟು ಬೇರೆ ಕಡೆಯೂ ಕಲಿಸುತ್ತಾರೆ. ಹುಡುಗಿಯ ಬಾಯಿಯಿಂದ ದನಿ ಹೊರಗೆ ತರಿಸುವುದು, ಅದು ಓಣಿಗೆ ಕೇಳಿದರೂ ಪರವಾಗಿಲ್ಲ ಅನ್ನಿಸುವುದು, ಇದಕ್ಕೆ ಮೂರು ಕ್ಲಾಸು ಮೀಸಲಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒದರುವುದರಲ್ಲೂ ಕಲಿಯುವುದಿದೆ. ಗಂಟಲಿನಿಂದ ಒದರಿದರೆ ಕಿರುಚಾಟವಾಗಿ ಒಡೆಯುತ್ತದೆ, ಹೊಟ್ಟೆಯಿಂದ ಒದರಬೇಕು. ಮಾತು ಚಿಕ್ಕದಿರಬೇಕು. "ಇಂವ ಯಾರಂತ ನನಗ ಗೊತ್ತಿಲ್ಲ!" ಅಂತ ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ಸುತ್ತಲಿನವರು ಇದು ಮನೆಯ ಜಗಳ ಅಂದುಕೊಂಡು ನಡೆದುಬಿಡುತ್ತಾರೆ. "ಯಾರಾದರೂ ಬರ್ರಿ" ಅಂದರೆ ಯಾರೂ ಬರುವುದಿಲ್ಲ, ಗುಂಪಿನಲ್ಲಿ ಒಬ್ಬರನ್ನು ಗುರುತಿಸಿ ಕರೆಯಬೇಕು: "ನೀಲಿ ಅಂಗಿ ಅಣ್ಣಾರ, 112ಕ್ಕ ಫೋನ್ ಮಾಡ್ರಿ!" ರಿ ಬರಬೇಕಾದ ಜಾಗ ಅದು.

ಇನ್ನು ಪಟ್ಟುಗಳು. ಮುಂಗೈ ಬಿಡಿಸಿಕೊಳ್ಳುವುದನ್ನು ಮಾತ್ರ ಬಿಡಿಸಿ ಬರೆಯುತ್ತೇನೆ, ನನಗೆ ಬೇಕಾಗಿದ್ದು ಅದೇ. ಕೈ ಹಿಡಿದಾಗ ಎಲ್ಲರೂ ಮಾಡುವುದು ಹಿಂದಕ್ಕೆ ಜಗ್ಗುವುದು. ಜಗ್ಗಾಟದಲ್ಲಿ ಬಲ ಹೆಚ್ಚಿದ್ದವನೇ ಗೆಲ್ಲುತ್ತಾನೆ. ಹಿಡಿದವನ ಕೈ ಸರಿಯಾಗಿ ನೋಡಿದರೆ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಹೆಬ್ಬೆರಳ ತುದಿ ಉಳಿದ ಬೆರಳಿಗೆ ಕೂಡುವ ಜಾಗವೇ ಹಿಡಿತದ ಬಾಗಿಲು. ನಮ್ಮ ಮುಂಗೈ ಅಗಲವಾಗಿ ಚಪ್ಪಟೆ ಇರುತ್ತದೆ. ಅದರ ತೆಳ್ಳನೆಯ ಅಂಚನ್ನು ಆ ಬಾಗಿಲಿಗೆ ತಿರುಗಿಸಿ, ಹಿಂದೆ ಸರಿಯುವ ಬದಲು ಒಂದು ಹೆಜ್ಜೆ ಮುಂದಿಟ್ಟು, ನಮ್ಮ ಮೊಣಕೈಯನ್ನು ಅವನ ಮೊಣಕೈ ಕಡೆ ಮಡಚಿ ತರಬೇಕು. ಆಗ ಅವನ ಹೆಬ್ಬೆರಳೊಂದಕ್ಕೆ ಎದುರಾಗಿ ನಮ್ಮ ಇಡೀ ತೋಳು ನಿಲ್ಲುತ್ತದೆ. ದಿನವೂ ಜನರ ಮುಂಗೈ ಹಿಡಿಯುವ ನನಗೆ ಇದು ಕಣ್ಣಿಗೆ ಕಟ್ಟಿದ ಹಾಗೆ ತಿಳಿಯಿತು. ಮರುದಿನ ಲ್ಯಾಬಿನಲ್ಲಿ ಸೂಜಿಗೆ ಹೆದರಿದ ಪುಟ್ಟ ಹುಡುಗನೊಬ್ಬ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡ. ಯಾರೂ ಕಲಿಸದಿದ್ದರೂ ಸರಿಯಾಗಿ ಹೆಬ್ಬೆರಳಿನ ಕಡೆಯಿಂದಲೇ.

ಆದರೆ ತಿಳಿಯುವುದು ಬೇರೆ, ಮೈಗೆ ಬರುವುದು ಬೇರೆ. ಒಂದೇ ಪಟ್ಟನ್ನು ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಮಾಡಿಸುತ್ತಿದ್ದರು. ಎಡಗೈ, ಬಲಗೈ, ಎರಡೂ ಕೈ, ಕಣ್ಣು ಮುಚ್ಚಿ, ಹೆಗಲಿಗೆ ಬ್ಯಾಗು ಹಾಕಿಕೊಂಡು, ವೇಲ್ ಹೊದ್ದುಕೊಂಡು. ನಾವು ದಾರಿಯಲ್ಲಿ ನಡೆಯುವ ಬಟ್ಟೆಯಲ್ಲೇ ಕಲಿಯಬೇಕು ಅನ್ನುವುದು ಅಕ್ಕೋರ ಹಟ. ಮುಷ್ಟಿ ಕಟ್ಟಿ ಗುದ್ದುವುದನ್ನು ಅವರು ಹೆಚ್ಚು ಕಲಿಸಲಿಲ್ಲ. ಅಭ್ಯಾಸವಿಲ್ಲದ ಮುಷ್ಟಿಯಿಂದ ಗಟ್ಟಿ ಎಲುಬಿಗೆ ಗುದ್ದಿದರೆ ಮುರಿಯುವುದು ನಮ್ಮದೇ ಕೈಯ ಸಣ್ಣ ಎಲುಬು. ಅದರ ಬದಲು ಅಂಗೈಯ ಬುಡದಿಂದ ಮೂಗಿಗೆ, ಗದ್ದಕ್ಕೆ. ಹತ್ತಿರ ಬಂದರೆ ಮೊಣಕೈ, ಮೊಣಕಾಲು. ಹಿಂದಿನಿಂದ ಅಪ್ಪಿದರೆ ಹಿಮ್ಮಡಿಯಿಂದ ಅವನ ಪಾದಕ್ಕೆ. ಹೊಡೆದು ನಿಂತು ನೋಡಬಾರದು, ಬೆಳಕು ಮತ್ತು ಜನ ಇರುವ ಕಡೆ ಓಡಬೇಕು. ಜೂಡೋದವರಾದ್ದರಿಂದ ಬೀಳುವುದನ್ನೂ ಚೆನ್ನಾಗಿ ಕಲಿಸಿದರು: ಗದ್ದ ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ಬಡಿಯದ ಹಾಗೆ ಬೆನ್ನು ಬಾಗಿಸಿ, ತೋಳಿನಿಂದ ನೆಲ ತಟ್ಟಿ.

ನನಗೆ ಇಡೀ ಎಂಟು ವಾರದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಐದನೆಯ ರವಿವಾರದ ಪಾಠ. ಆವತ್ತು ಅಕ್ಕೋರು ಒಂದು ಕುರ್ಚಿ ಹಾಕಿಕೊಂಡು ಕೂತು, "ನಾ ಈಗ ನಿಮ್ಮ ಕಾಕಾ. ಮನ್ಯಾಗ ಮದುವಿ ಐತಿ. ಬಾ ಬಾಜೂಕ ಕೂಡು ಅಂತೀನಿ, ಹೆಗಲ ಮ್ಯಾಲ ಕೈ ಹಾಕ್ತೀನಿ. ಏನ್ ಮಾಡ್ತಿ?" ಅಂದರು. ಅಷ್ಟೊತ್ತಿಗೆ ನಾವೆಲ್ಲ ಪ್ಯಾಡಿಗೆ ಸದ್ದು ಬರುವ ಹಾಗೆ ಹೊಡೆಯಲು ಕಲಿತಿದ್ದೆವು. ಆದರೆ ಕುರ್ಚಿಯ ಮೇಲೆ ಕೂತ ಆ ಕಾಕಾನಿಗೆ ಒಂದು ಮಾತು ಹೇಳಲು ಒಬ್ಬಳಿಗೂ ಆಗಲಿಲ್ಲ. ಒಬ್ಬಳು ನೀರು ತರುತ್ತೇನೆ ಅಂತ ಎದ್ದಳು. ಒಬ್ಬಳು ನಗುತ್ತ ಹೆಗಲು ಸರಿಸಿಕೊಂಡಳು. ಎರಡನೆಯ ಪಿಯುಸಿಯ ಹುಡುಗಿಯೊಬ್ಬಳು ಕೂತಲ್ಲೇ ಕೂತು ನೆಲ ನೋಡಿದಳು, ಆಮೇಲೆ ಅಳತೊಡಗಿದಳು. ಅಕ್ಕೋರು ಆಕೆಯನ್ನು ಏನೂ ಕೇಳಲಿಲ್ಲ. ಕುರ್ಚಿ ಬಿಟ್ಟು ನೆಲದ ಮೇಲೆ ಆಕೆಯ ಪಕ್ಕ ಕೂತು, ಉಳಿದವರಿಗೆ ಐದು ನಿಮಿಷ ಬಿಡುವು ಅಂದರು. ಕ್ಲಾಸು ಮುಗಿದ ಮೇಲೆ ಅವರಿಬ್ಬರೇ ಬಹಳ ಹೊತ್ತು ಮಾತಾಡಿದರು. ಮುಂದಿನ ವಾರ ಆ ಹುಡುಗಿ ಬಂದಳು. ಅದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಬಿಡುವಿನ ನಂತರ ಅವರು ಹೇಳಿಕೊಟ್ಟದ್ದು ಹೀಗೆ: ಮನೆಯ ಹಿರಿಯರಿಗೆ ರಿ ಇರಲಿ, ಸಂಬಂಧದ ಹೆಸರೂ ಇರಲಿ, ಆದರೆ ದನಿ ಇಳಿಯಬಾರದು, ಮುಖದ ಮೇಲೆ ನಗು ಇರಬಾರದು. "ಕಾಕಾ, ಕೈ ತಗೀರಿ." ಮೂರೇ ಪದ, ಕಾರಣ ಹೇಳಬೇಕಾಗಿಲ್ಲ. ಕೈ ತೆಗೆಯದಿದ್ದರೆ ಅದೇ ಮಾತು ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ. ನಾವು ಇಪ್ಪತ್ತೆರಡು ಮಂದಿಯೂ ಸರದಿಯಲ್ಲಿ ಕುರ್ಚಿಯ ಮುಂದೆ ನಿಂತು ಇದನ್ನು ಹೇಳಿದೆವು. ನಾನು ನಾಲ್ಕು ಸಲ ಹೇಳಬೇಕಾಯಿತು, ಮೊದಲ ಮೂರು ಸಲ ತುಟಿಯ ಮೇಲೆ ನಗು ಬಂದುಬಿಡುತ್ತಿತ್ತು.

ಈ ಪಾಠಕ್ಕೆ ಒಂದು ಇಡೀ ರವಿವಾರ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋದ ವರದಿ ತೆರೆದು ನೋಡಬೇಕು. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ: ಮನೆಯವನು, ನೆರೆಯವನು, ಗೆಳೆಯ, ಕೆಲಸ ಕೊಟ್ಟವನು. ಕತ್ತಲ ಓಣಿಯ ಅಪರಿಚಿತನಿಗಾಗಿ ಮಾತ್ರ ತಯಾರು ಮಾಡುವ ಕ್ಲಾಸು ಹುಡುಗಿಯರಿಗೆ ಅರ್ಧ ಪಾಠವನ್ನೂ ಕೊಟ್ಟಂತಾಗುವುದಿಲ್ಲ.

ನಮ್ಮ ಲ್ಯಾಬಿನ ಡಾಕ್ಟರ್ ಮೇಡಂಗೆ ಮೊದಲು ಇದರಲ್ಲಿ ನಂಬಿಕೆ ಇರಲಿಲ್ಲ. "ಎಂಟು ವಾರದಲ್ಲಿ ಏನು ಕಲಿತೀಯಮ್ಮ, ಸುಮ್ಮನೆ ಧೈರ್ಯ ಹೆಚ್ಚಾಗಿ ತೊಂದರೆಗೆ ಸಿಕ್ಕೀಯ" ಅನ್ನುತ್ತಿದ್ದರು. ಅವರದೇ ಸ್ವಭಾವದ ಹಾಗೆ ಹುಡುಕಿ ಓದಿ, ಒಂದು ದಿನ ಊಟದ ಹೊತ್ತಿಗೆ ನನ್ನನ್ನು ಕರೆದು ತೋರಿಸಿದರು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 12 ಗಂಟೆಯ ತರಬೇತಿ, ಇನ್ನೊಂದಕ್ಕೆ ಕರಪತ್ರ ಮಾತ್ರ. ಒಂದು ವರ್ಷದ ನಂತರ ಕರಪತ್ರದ ಗುಂಪಿನಲ್ಲಿ ಅತ್ಯಾಚಾರಕ್ಕೆ ಒಳಗಾದವರು ನೂರಕ್ಕೆ 9.8, ತರಬೇತಿ ಪಡೆದವರಲ್ಲಿ 5.2. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದು ಬಂದಿದೆ, ಚಾರ್ಲೀನ್ ಸೆನ್ ಎಂಬ ಪ್ರಾಧ್ಯಾಪಕಿ ಮತ್ತು ಸಂಗಡಿಗರ ಕೆಲಸ. ಆ ತರಬೇತಿಯಲ್ಲೂ ಹೊಡೆತ ಒಂದು ಭಾಗ ಮಾತ್ರ. ಗೊತ್ತಿರುವವರಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದು, ಅವರಿಗೆ ಬೇಡ ಅನ್ನಲು ತಡೆಯುವ ಸಂಕೋಚವನ್ನು ದಾಟುವುದು ಉಳಿದ ಭಾಗ. ಮೇಡಂ ಆಮೇಲೆ ತಮ್ಮ ಅಕ್ಕನ ಮಗಳಿಗೂ ಕ್ಲಾಸಿನ ನಂಬರು ಕೇಳಿದರು.

ಕಾನೂನು ಪಾಠಕ್ಕೆ ವಕೀಲರೊಬ್ಬರು ಬಂದಿದ್ದರು, ಹೆಣ್ಣುಮಗಳು, ಧಾರವಾಡದ ಕೋರ್ಟಿನಲ್ಲೇ ಕೆಲಸ. ಒಂದೂವರೆ ಗಂಟೆ ಕೇಳಿದ್ದರಲ್ಲಿ ನನ್ನ ಎದೆಗೆ ನಾಟಿದ್ದು ಬೆನ್ನು ಹತ್ತುವುದರ ಬಗ್ಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಹೆಣ್ಣು ತನಗೆ ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇಪದೇ ಹಿಂಬಾಲಿಸಿ ಸಂಪರ್ಕಿಸುವುದು, ಸಂಪರ್ಕಿಸಲು ನೋಡುವುದು ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದ ತನಕ, ಮತ್ತೆ ಮಾಡಿದರೆ ಐದು ವರ್ಷದ ತನಕ ಜೈಲು. ಹಾಗಾದರೆ ಆ ಹನ್ನೊಂದು ದಿನ, ಕೈ ಹಿಡಿಯುವ ಮೊದಲಿನ ಹನ್ನೊಂದು ದಿನವೂ, ಲೆಕ್ಕಕ್ಕೆ ಬರಬಹುದಿತ್ತು. "ಹಿಂದೆ ಬಂದ, ಅಷ್ಟೇ" ಅಂತ ನಾನೇ ಮೇಲೆ ಬರೆದಿದ್ದೇನೆ ನೋಡಿ. ಅಷ್ಟೇ ಅಲ್ಲ ಅದು. ಸ್ಪಷ್ಟವಾಗಿ ಬೇಡ ಅನ್ನುವುದು ಎಷ್ಟು ಮುಖ್ಯ ಅಂತ ಕಾನೂನಿನ ಕಡೆಯಿಂದಲೂ ಅರ್ಥವಾಯಿತು. ತಾರೀಕು, ವೇಳೆ, ಬೈಕಿನ ನಂಬರು ಬರೆದಿಡಿ, ಬಂದ ಮೆಸೇಜು ಅಳಿಸಬೇಡಿ, ಯಾವ ಠಾಣೆಯ ಹದ್ದು ಅನ್ನುವ ಚಿಂತೆ ಬೇಡ, ಯಾವುದೇ ಠಾಣೆಯಲ್ಲಿ ಜೀರೋ ಎಫ್‌ಐಆರ್ ಕೊಡಬಹುದು ಅಂದರು. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ನಮ್ಮ ಎಲ್ಲರ ಫೋನಿನಲ್ಲೂ ಅಲ್ಲೇ ಹಾಕಿಸಿದರು. ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸು ಆಗುತ್ತದಾ ಅಂತ ಬಟ್ಟೆ ಅಂಗಡಿಯ ಹುಡುಗಿ ಕೇಳಿದಳು. ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಕಲಮಿನ ತನಕ ಇದೆ, ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು ಮಾಡಬಹುದು, ಅವನು ಬಿದ್ದ ಮೇಲೆ ಸಿಟ್ಟಿಗೆ ಹೊಡೆಯುವಂತಿಲ್ಲ ಅಂತ ಉತ್ತರ ಬಂತು.

ಈಗ ಕ್ಲಾಸಿನ ಕೊರತೆಗಳು. ಇವನ್ನೆಲ್ಲ ಅಕ್ಕೋರ ಎದುರಿಗೂ ಹೇಳಿದ್ದೇನೆ. ಇಪ್ಪತ್ತೆರಡು ಮಂದಿಗೆ ಹೊಡೆಯುವ ಪ್ಯಾಡು ಒಂದೇ. ಒಬ್ಬಳಿಗೆ ಐದು ಹೊಡೆತ ಸಿಗಲು ಕಾಲು ಗಂಟೆ ಕಾಯಬೇಕು. ಕಾಯುತ್ತ ನಿಂತರೆ ಮೈ ತಣ್ಣಗಾಗುತ್ತದೆ, ಬಂದ ಹುಮ್ಮಸ್ಸೂ ಇಳಿಯುತ್ತದೆ. ಬಟ್ಟೆ ಬದಲಿಸಲು ಕೋಣೆಯಿಲ್ಲ, ಶೌಚಾಲಯ ಕೆಳಗೆ ಗಿರಣಿಯ ಹಿಂದೆ, ಕೊಡದಲ್ಲಿ ನೀರು ಒಯ್ಯಬೇಕು. ಮುಟ್ಟಿನ ದಿನಗಳಲ್ಲಿ ಈ ಕಾರಣಕ್ಕೇ ಹುಡುಗಿಯರು ಕ್ಲಾಸು ತಪ್ಪಿಸುತ್ತಿದ್ದರು. 1,200ರ ಬದಲು 1,400 ತೆಗೆದುಕೊಂಡು ಈ ಒಂದನ್ನು ಸರಿಮಾಡಿದರೂ ಯಾರೂ ಬೇಡ ಅನ್ನುವುದಿಲ್ಲ.

ಚಾಕು ಕಸಿದುಕೊಳ್ಳುವ ಪಾಠಕ್ಕೆ ಒಂದು ಶನಿವಾರ ಹೋಯಿತು, ಅದು ನನಗೆ ಒಪ್ಪಿಗೆಯಾಗಲಿಲ್ಲ. ರಬ್ಬರಿನ ಚಾಕು ಹಿಡಿದವಳು ನಿಧಾನಕ್ಕೆ ಕೈ ಚಾಚುತ್ತಾಳೆ, ನಾವು ಹಿಡಿದು ತಿರುಗಿಸುತ್ತೇವೆ. ನಿಜದಲ್ಲಿ ಹಾಗೆ ಯಾರೂ ಬರುವುದಿಲ್ಲ. ಚಾಕು ಕಂಡರೆ ಓಡು, ಓಡಲು ಜಾಗವಿಲ್ಲದಿದ್ದರೆ ಬ್ಯಾಗೋ ಕುರ್ಚಿಯೋ ನಡುವೆ ಹಿಡಿ ಅಂತ ಅಕ್ಕೋರೇ ಕೊನೆಗೆ ಹೇಳಿದರು. ಹಾಗಾದರೆ ಅದನ್ನೇ ಆ ಒಂದೂವರೆ ಗಂಟೆ ಮಾಡಿಸಬಹುದಿತ್ತು. ಹುಬ್ಬಳ್ಳಿಯ ಆ ಎರಡು ಸಾವುಗಳ ನಂತರ ತಾಯಂದಿರು ಚಾಕು ಬಿಡಿಸುವುದನ್ನು ಕಲಿಸಿರಿ ಅಂತ ಕೇಳುತ್ತಾರಂತೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಎಂಟು ವಾರ ಕಲಿತ ಯಾವ ಹುಡುಗಿಯೂ ಚಾಕುವಿಗೆ ಉತ್ತರ ಕೊಡಲಾರಳು. ಬೇಡ ಅಂದ ಮೇಲೂ ಒಬ್ಬ ಬೆನ್ನು ಬಿಡದಿದ್ದ ಮೊದಲ ವಾರವೇ ಮನೆ, ಕಾಲೇಜು, ಠಾಣೆ ಮೂರೂ ಆಕೆಯ ಮಾತು ಕೇಳಿ ಎದ್ದು ನಿಲ್ಲಬೇಕು. ಆ ಹೊಣೆಯನ್ನು ಹುಡುಗಿಯ ಮುಂಗೈ ಮೇಲೆ ಹಾಕುವುದು ತಪ್ಪು.

ಇನ್ನೊಂದು ಕೊರತೆ, ಫೋನಿನ ಕಿರುಕುಳದ ಬಗ್ಗೆ ಪಾಠವೇ ಇರಲಿಲ್ಲ. ಪಿಯುಸಿ ಹುಡುಗಿಯರಿಗೆ ಓಣಿಯ ಬೈಕಿಗಿಂತ ಫೋಟೋ ತಿದ್ದಿ ಹೆದರಿಸುವವರ ಕಾಟ ಹೆಚ್ಚು. ಅದನ್ನು ಅವರೇ ಕೇಳಿದರು. ಸೈಬರ್ ಅಪರಾಧದ ಸಹಾಯವಾಣಿ 1930 ಅನ್ನುವುದು ಸಹ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮುಂದಿನ ಬ್ಯಾಚಿಗೆ ಸೇರಿಸುತ್ತೇನೆ ಅಂದಿದ್ದಾರೆ.

ಬೇರೆ ಕಡೆ ಸೇರಬೇಕೆನ್ನುವವರಿಗೆ ಎರಡು ಮಾತು. ನಾನು ಡಿಪ್ಲೊಮಾ ಓದುವಾಗ ಮಹಿಳಾ ದಿನಕ್ಕೆ ಒಂದು ದಿನದ ಶಿಬಿರ ಇತ್ತು. ಬಂದವರು ಹಂಚು ಒಡೆದು ತೋರಿಸಿದರು, ನಾವು ಚಪ್ಪಾಳೆ ಹೊಡೆದೆವು, ಸರ್ಟಿಫಿಕೇಟ್ ಸಿಕ್ಕಿತು. ಒಬ್ಬಳೇ ಒಬ್ಬಳ ಕೈಯನ್ನೂ ಹಿಡಿದು ಬಿಡಿಸಿ ನೋಡಲಿಲ್ಲ. ಅಂಥದ್ದಕ್ಕೆ ದುಡ್ಡು ಕೊಡಬೇಡಿ. ಕರಾಟೆ ಒಳ್ಳೆಯ ವಿದ್ಯೆ, ಮೈಗೆ ಶಿಸ್ತು ಬರುತ್ತದೆ, ಆದರೆ ಅದು ವರ್ಷಗಟ್ಟಲೆಯ ದಾರಿ, ಪಂದ್ಯದ ನಿಯಮಗಳ ಒಳಗೆ ಬೆಳೆಯುವಂಥದ್ದು. ಪುಟ್ಟ ಹುಡುಗಿಯಿದ್ದರೆ ಖಂಡಿತ ಸೇರಿಸಿ. ಸರಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ, ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಇದೆ. ನಿಮ್ಮ ಮಕ್ಕಳ ಶಾಲೆಯಲ್ಲಿ ನಡೆಯುತ್ತಿದೆಯೋ ಇಲ್ಲವೋ ಅಂತ ಹೆಡ್‌ಮಾಸ್ತರರನ್ನು ಕೇಳಿ, ಕೇಳಿದರೆ ನಡೆಯುತ್ತದೆ. ಪೆಪ್ಪರ್ ಸ್ಪ್ರೇ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ನಮಗೆ ಮಾಳಿಗೆಯ ಮೇಲೆ ನೀರು ತುಂಬಿದ ಸ್ಪ್ರೇ ಬಾಟಲಿ ಕೊಟ್ಟು ಅಭ್ಯಾಸ ಮಾಡಿಸಿದರು. ಗಾಳಿಗೆ ಎದುರಾಗಿ ಹೊಡೆದವರ ಮುಖಕ್ಕೇ ನೀರು ಬಂತು. ಬ್ಯಾಗಿನ ತಳದಲ್ಲಿಟ್ಟವರಿಗೆ ಹುಡುಕಲು ಎಂಟು ಹತ್ತು ಸೆಕೆಂಡು ಬೇಕಾಯಿತು. ಇಟ್ಟುಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನಡೆಯಿರಿ, ಡಬ್ಬಿಯ ಮೇಲಿನ ಅವಧಿಯ ತಾರೀಕು ನೋಡಿ.

ಸೇರುವ ಮೊದಲು ಒಂದು ಕ್ಲಾಸು ಸುಮ್ಮನೆ ಕೂತು ನೋಡಲು ಬಿಡಿ ಅಂತ ಕೇಳಿ. ಬಿಡದಿದ್ದರೆ ಬೇಡ. ಮೈ ಮುಟ್ಟಿ ತೋರಿಸುವ ಮೊದಲು "ಮುಟ್ಟಲಾ" ಅಂತ ಕೇಳುತ್ತಾರಾ ನೋಡಿ. ನಮ್ಮ ಅಕ್ಕೋರು ಕೊನೆಯ ದಿನದವರೆಗೂ ಪ್ರತಿ ಸಲ ಕೇಳಿದರು. ಹುಡುಗಿ ಹೆದರಿ ಮರಗಟ್ಟಿದ್ದನ್ನು ಹೇಳಿಕೊಂಡರೆ "ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು" ಅನ್ನುವವರಾದರೆ ಅಲ್ಲಿಂದ ಎದ್ದು ಬನ್ನಿ. ನಾನು ಆ ರಾತ್ರಿಯದನ್ನು ಮೂರನೆಯ ವಾರ ಹೇಳಿದಾಗ ಅಕ್ಕೋರು ಅಂದದ್ದು, "ಮೈ ಹಂಗ ಮಾಡ್ತೈತವಾ, ಹೆದರಿದಾಗ ಒಮ್ಮೊಮ್ಮೆ ಕಲ್ಲ ಆಗಿಬಿಡ್ತೈತಿ. ಅದು ನಿಂದ ತಪ್ಪಲ್ಲ. ಅವನ ತಪ್ಪು."

ಕ್ಲಾಸು ಮುಗಿದು ಮೂರು ವಾರದ ನಂತರ ಒಂದು ರಾತ್ರಿ ಚಿಗರಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಉಣಕಲ್ ದಾಟುವ ಹೊತ್ತಿಗೆ ಹಿಂದೆ ನಿಂತವನು ಬಸ್ಸು ಅಲುಗದಿದ್ದರೂ ಮೈಮೇಲೆ ವಾಲತೊಡಗಿದ. ತಿರುಗಿ ನಿಂತು, ಅಂಗೈ ಮುಂದೆ ಮಾಡಿ, "ದೂರ ನಿಂದ್ರು" ಅಂದೆ. ಕೈ ನಡುಗುತ್ತಿತ್ತು. ದನಿ ಮಾತ್ರ ಹೊಟ್ಟೆಯಿಂದ ಬಂತು, ಮುಂದಿನ ಬಾಗಿಲ ತನಕ ಕೇಳಿತು. ಸೀಟಿನಲ್ಲಿದ್ದ ಒಬ್ಬ ಅಮ್ಮ ಎದ್ದು ನಿಂತು ನನ್ನ ಪಕ್ಕಕ್ಕೆ ಬಂದರು. ಅವನು ನವನಗರದಲ್ಲಿ ಇಳಿದುಹೋದ. ಮನೆಗೆ ಬಂದು ಅವ್ವಗೆ ಅದೇ ರಾತ್ರಿ ಹೇಳಿದೆ, ರೊಟ್ಟಿ ತಿನ್ನುತ್ತ.

ಮುಂದಿನ ಬ್ಯಾಚು ಬರುವ ತಿಂಗಳು ಶುರು. ಉಗುರು ಕತ್ತರಿಸಿಕೊಂಡು ಬನ್ನಿ, ಬಳೆ ತೆಗೆದಿಡಿ, ನೀರಿನ ಬಾಟಲಿ ನಿಮ್ಮದೇ ಇರಲಿ. ಚೂಡಿದಾರ ಸಾಕು, ಬೇರೆ ಡ್ರೆಸ್ ಕೊಳ್ಳಬೇಕಾಗಿಲ್ಲ. ನಾವು ಹಳೆಯ ಬ್ಯಾಚಿನವರು ದುಡ್ಡು ಕೂಡಿಸಿ ಎರಡನೆಯ ಪ್ಯಾಡು ಕೊಡಿಸಿದ್ದೇವೆ. ಶನಿವಾರಗಳಲ್ಲಿ ಅದನ್ನು ಹಿಡಿದು ನಿಲ್ಲುವವಳು ನಾನೇ.